ಹಿಮ್ಮೇಳದಲ್ಲೇ ಉಳಿದ ಹೆಣ್ಣುಮಕ್ಕಳು

ವಿಜ್ಞಾನದ ಗೆಲುವನ್ನು ಕಥೆಯಾಗಿ ಹೇಳುವವರಿಗೆ ಸವೆದು ಹದವಾದ ದಾರಿಯೊಂದಿದೆ. ಲೋಕ ನಂಬದ ಸಾಧಕ, ಹಣ ಕೊಡದ ಅಧಿಕಾರಿಗಳು, ಹೀಯಾಳಿಸುವ ಪತ್ರಿಕೆಗಳು, ಮುಖ ತಿರುಗಿಸುವ ಧರ್ಮ. ಕೊನೆಗೆ ಎಲ್ಲರ ಬಾಯಿ ಮುಚ್ಚಿಸುವ ಒಂದು ಯಶಸ್ಸು. ಈ ದಾರಿ ಹಿಡಿದ ಚಿತ್ರಗಳು ನೋಡುಗನ ಕಣ್ಣಲ್ಲಿ ನೀರು ತರಿಸುತ್ತವೆ. ಆ ಕಣ್ಣೀರಿನ ನಡುವೆ ಒಂದು ಪ್ರಶ್ನೆ ಮಾತ್ರ ಮಸುಕಾಗಿಬಿಡುತ್ತದೆ: ಈ ಗೆಲುವಿನ ಬೆಲೆಯನ್ನು ತೆತ್ತವರು ಯಾರು?

2024ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮನೆಮನೆಗೆ ಬಂದ ‘ಜಾಯ್’ ಚಿತ್ರವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕಾಗಿದೆ. ಬೆನ್ ಟೇಲರ್ ನಿರ್ದೇಶಿಸಿ, ಜ್ಯಾಕ್ ಥಾರ್ನ್ ಚಿತ್ರಕಥೆ ಬರೆದ ಈ ಇಂಗ್ಲಿಷ್ ಚಿತ್ರ, 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದ ಲೂಯಿಸ್ ಜಾಯ್ ಬ್ರೌನ್ ಎಂಬ ಮಗುವಿನ ಹಿಂದಿನ ಹತ್ತು ವರ್ಷಗಳ ಕಥೆ. ಜಗತ್ತಿನ ಮೊದಲ ಪ್ರನಾಳ ಶಿಶುವೆಂದು ನಾವು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದ ಹೆಸರದು.

ಪ್ರಿಯ ಓದುಗರೇ, ಧರ್ಮಸಭೆ ಒಪ್ಪದ ವಿಧಾನವೊಂದನ್ನು ಕೊಂಡಾಡುವ ಚಿತ್ರದ ಬಗ್ಗೆ ಈ ಪುಟಗಳಲ್ಲಿ ಬರೆಯುವ ಅಗತ್ಯವೇನೆಂದು ನೀವು ಕೇಳಬಹುದು. ಅಗತ್ಯವಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳಿಲ್ಲದ ದಂಪತಿಗಳಿದ್ದಾರೆ. ಅವರಲ್ಲಿ ಅನೇಕರು ಈ ಚಿಕಿತ್ಸೆಯ ಬಾಗಿಲನ್ನು ಸದ್ದಿಲ್ಲದೆ ತಟ್ಟಿ ಬಂದವರು. ಚಿತ್ರದ ನಾಯಕಿ ಸ್ವತಃ ದೇವಾಲಯಕ್ಕೆ ಹೋಗುವ ಕ್ರೈಸ್ತಳು. ಹಾಗಿರುವಾಗ ಈ ಕಥೆಗೆ ಬೆನ್ನು ಹಾಕುವುದೆಂದರೆ ನಮ್ಮವರಿಗೇ ಬೆನ್ನು ಹಾಕಿದಂತೆ.

ಚಿತ್ರದ ಸೊಗಸು

ಮೊದಲು ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಈ ಸಾಧನೆಯ ಹೆಸರಿನಲ್ಲಿ ಲೋಕ ನೆನೆಯುವುದು ಇಬ್ಬರು ಗಂಡಸರನ್ನು: ಕೇಂಬ್ರಿಜ್‌ನ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಓಲ್ಡ್‌ಹ್ಯಾಮ್‌ನ ಶಸ್ತ್ರವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ. ಮೂರನೆಯವಳು ಜೀನ್ ಪರ್ಡಿ. ದಾದಿಯಾಗಿ ತರಬೇತಿ ಪಡೆದ ಆಕೆ 1968ರಲ್ಲಿ ಎಡ್ವರ್ಡ್ಸ್‌ರ ಪ್ರಯೋಗಾಲಯ ಸೇರಿ, ಅಂಡಾಣುಗಳನ್ನೂ ಭ್ರೂಣಗಳನ್ನೂ ಕಾಯ್ದು ನೋಡುವ ಕೆಲಸವನ್ನು ಕೈಯಾರೆ ಕಲಿತಳು. 1985ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ, ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡಳು. ಓಲ್ಡ್‌ಹ್ಯಾಮ್‌ನ ಆಸ್ಪತ್ರೆಯಲ್ಲಿ ಸ್ಮಾರಕ ಫಲಕ ಹಾಕಿದಾಗ, ಎಡ್ವರ್ಡ್ಸ್ ಕೇಳಿಕೊಂಡಿದ್ದರೂ ಆಕೆಯ ಹೆಸರು ಅದರಲ್ಲಿ ಬರಲಿಲ್ಲ. 2015ರ ಫಲಕದಲ್ಲಿ ಮಾತ್ರ ಬಂತು. 2010ರಲ್ಲಿ ಎಡ್ವರ್ಡ್ಸ್‌ರಿಗೆ ನೊಬೆಲ್ ಪ್ರಶಸ್ತಿ ಬಂದಾಗ ಉಳಿದಿಬ್ಬರೂ ಬದುಕಿರಲಿಲ್ಲ.

ಚಿತ್ರ ಈ ಅನ್ಯಾಯವನ್ನು ಸರಿಪಡಿಸಲು ಹೊರಟಿದೆ. ಥಾಮಸಿನ್ ಮೆಕೆಂಜಿ ನಟಿಸಿದ ಜೀನ್ ಪಾತ್ರವೇ ಇದರ ಕಣ್ಣು, ಕಿವಿ, ಅಂತಃಕರಣ. ಜೇಮ್ಸ್ ನಾರ್ಟನ್ ಅವರ ಎಡ್ವರ್ಡ್ಸ್‌ನಲ್ಲಿ ಹಟವಿದೆ; ಬಿಲ್ ನೈಯಿ ಅವರ ಸ್ಟೆಪ್ಟೋನಲ್ಲಿ ದಣಿದ ಘನತೆಯಿದೆ. ಕೇಂಬ್ರಿಜ್‌ನಿಂದ ಓಲ್ಡ್‌ಹ್ಯಾಮ್‌ಗೆ ಮತ್ತೆ ಮತ್ತೆ ಕಾರಿನಲ್ಲಿ ಹೋಗಿಬರುವ ದಣಿವು, ಬಡ ಆಸ್ಪತ್ರೆಯ ಮಂಕು ಗೋಡೆಗಳು, ಸೋಲಿನ ಮೇಲೆ ಸೋಲು ಕಂಡರೂ ಮರುದಿನ ಬಾಗಿಲು ತೆರೆಯುವ ಛಲ ಇವೆಲ್ಲ ಅಬ್ಬರವಿಲ್ಲದೆ ಮೂಡಿಬಂದಿವೆ. ಚಿತ್ರಕಥೆಗಾರರೂ ಅವರ ಪತ್ನಿಯೂ ಮಗುವಿಗಾಗಿ ಇದೇ ಚಿಕಿತ್ಸೆಯ ದೀರ್ಘ ಹಾದಿ ನಡೆದವರು. ಮಕ್ಕಳಿಲ್ಲದವರ ನೋವನ್ನು ಎಲ್ಲಿಯೂ ಹಗುರವಾಗಿ ಆಡದ ಸಂಯಮ ಅಲ್ಲಿಂದಲೇ ಬಂದಿರಬೇಕು.

ಕಾಣದ ಕೆಲಸ

ಆದರೆ ಹೆಸರಿಲ್ಲದವಳಿಗೆ ಹೆಸರು ಕೊಡಲು ಹೊರಟ ಚಿತ್ರ, ಆಕೆಯ ಹಿಂದೆ ನಿಂತಿದ್ದ ಇನ್ನಷ್ಟು ಹೆಸರಿಲ್ಲದವರನ್ನು ಹಾಗೆಯೇ ಬಿಟ್ಟಿದೆ. ಅವರೇ ಓಲ್ಡ್‌ಹ್ಯಾಮ್‌ಗೆ ಬಂದ ಹೆಂಗಸರು. ಚಿತ್ರದಲ್ಲಿ ಅವರು ಸಾಲಾಗಿ ಬಂದು ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾರೆ, ತಮ್ಮ ಗುಂಪಿಗೆ ‘ಓವಮ್ ಕ್ಲಬ್’ ಎಂದು ಹೆಸರಿಟ್ಟು ನಗುತ್ತಾರೆ, ಕಡಲತೀರಕ್ಕೆ ಹೋಗಿಬರುತ್ತಾರೆ. ಒಂದೆರಡು ಮುಖಗಳು ನೆನಪಿನಲ್ಲಿ ಉಳಿಯುತ್ತವೆ. ಉಳಿದವರು ಹಿಮ್ಮೇಳ. ಯಕ್ಷಗಾನ ಬಲ್ಲವರಿಗೆ ಗೊತ್ತು, ಹಿಮ್ಮೇಳ ನಿಂತರೆ ಮುಮ್ಮೇಳದ ಹೆಜ್ಜೆಯೂ ನಿಲ್ಲುತ್ತದೆ.

ಆ ಚುಚ್ಚುಮದ್ದು ಏನು, ಯಾಕೆ ಎಂಬುದನ್ನು ಚಿತ್ರ ಬೇಗಬೇಗನೆ ದಾಟಿಬಿಡುತ್ತದೆ. ನಾವು ಸ್ವಲ್ಪ ನಿಲ್ಲೋಣ. ಹೆಣ್ಣಿನ ದೇಹ ಒಂದು ಋತುಚಕ್ರದಲ್ಲಿ ಸಾಮಾನ್ಯವಾಗಿ ಒಂದೇ ಅಂಡಾಣುವನ್ನು ಪಕ್ವಗೊಳಿಸುತ್ತದೆ. ಅಂಡಾಶಯದಲ್ಲಿ ಹಲವು ಪುಟ್ಟ ಕೋಶಿಕೆಗಳು ಬೆಳೆಯತೊಡಗಿದರೂ ಒಂದು ಮುಂದೆ ಸಾಗಿ, ಉಳಿದವು ಬಾಡಿಹೋಗುತ್ತವೆ. ಪ್ರಯೋಗಕ್ಕೆ ಒಂದು ಅಂಡಾಣು ಸಾಲದು. ಹಾಗಾಗಿ ಹೊರಗಿನಿಂದ ಹಾರ್ಮೋನು ಕೊಟ್ಟು, ಬಾಡಬೇಕಾದ ಕೋಶಿಕೆಗಳನ್ನೂ ಬೆಳೆಯುವಂತೆ ಪ್ರಚೋದಿಸುತ್ತಾರೆ. ಅವು ಬಲಿತ ಮೇಲೆ ಇನ್ನೊಂದು ಹಾರ್ಮೋನಿನ ಚುಚ್ಚುಮದ್ದು. ಅದಾಗಿ ಸುಮಾರು 36 ಗಂಟೆಗಳ ಹೊತ್ತಿಗೆ ಅಂಡಾಣುಗಳನ್ನು ಹೀರಿ ತೆಗೆಯಬೇಕು. ಇಂದು ಅದನ್ನು ಅಲ್ಟ್ರಾಸೌಂಡ್ ನೋಡುತ್ತ ಯೋನಿಮಾರ್ಗದ ಸೂಜಿಯಿಂದ ಮಾಡುತ್ತಾರೆ. ಅಂದು ಅದಕ್ಕೆ ಪೂರ್ಣ ಅರಿವಳಿಕೆ ಬೇಕಿತ್ತು. ಹೊಟ್ಟೆಯೊಳಗೆ ಅನಿಲ ತುಂಬಿ, ರಂಧ್ರ ಮಾಡಿ, ಲ್ಯಾಪರೋಸ್ಕೋಪ್ ಎಂಬ ನಳಿಕೆಯನ್ನು ಇಳಿಸಬೇಕಿತ್ತು. ಸ್ಟೆಪ್ಟೋ ಆ ವಿದ್ಯೆಯಲ್ಲಿ ಪಳಗಿದ ಕೈ ಎಂಬ ಕಾರಣಕ್ಕೇ ಎಡ್ವರ್ಡ್ಸ್ ಅವರನ್ನು ಹುಡುಕಿಕೊಂಡು ಹೋದದ್ದು.

ಆ ದಿನಗಳ ಟಿಪ್ಪಣಿ ಪುಸ್ತಕಗಳನ್ನು ಕೇ ಎಲ್ಡರ್ ಮತ್ತು ಮಾರ್ಟಿನ್ ಜಾನ್ಸನ್ ಎಂಬ ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ಲೆಕ್ಕ ಪ್ರಕಟಿಸಿದ್ದಾರೆ. 1969ರಿಂದ 1978ರವರೆಗೆ ಅಲ್ಲಿ ಭಾಗಿಗಳಾದ ಮಹಿಳೆಯರು 282. ಅಂಡಾಣು ತೆಗೆಯಲು ನಡೆದ ಲ್ಯಾಪರೋಸ್ಕೋಪಿಗಳು 457. ಭ್ರೂಣವನ್ನು ಗರ್ಭಾಶಯದಲ್ಲಿ ಇರಿಸಲು ಸಾಧ್ಯವಾದದ್ದು 112 ಬಾರಿ. ಗರ್ಭ ನಿಂತದ್ದು ಐದು ಬಾರಿ. ಹುಟ್ಟಿ ಬದುಕಿದ ಮಕ್ಕಳು ಎರಡು.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. 112 ಬಾರಿಯೂ ಬೇರೆ ಬೇರೆ ಮಹಿಳೆಯರೇ ಆಗಿದ್ದರೆಂದು ಇಟ್ಟುಕೊಂಡರೂ, ಕನಿಷ್ಠ 170 ಮಂದಿಯ ಗರ್ಭಾಶಯಕ್ಕೆ ಒಂದೇ ಒಂದು ಭ್ರೂಣವೂ ಮರಳಲಿಲ್ಲ. ಮೊದಲ ವರ್ಷಗಳಲ್ಲಂತೂ ಭ್ರೂಣ ಮರಳಿಸುವ ಹಂತಕ್ಕೇ ಕೆಲಸ ಬಂದಿರಲಿಲ್ಲ. ಆಗ ತೆಗೆದ ಅಂಡಾಣುಗಳೆಲ್ಲ ಸಂಶೋಧನೆಗೆ. ‘ನನಗೆ ಸಿಗದಿದ್ದರೂ ನನ್ನ ಹಿಂದೆ ಬರುವವಳಿಗೆ ಸಿಗಲಿ’ ಎಂಬ ಉದಾರತೆ ಅವರಲ್ಲಿ ಕೆಲವರಲ್ಲಾದರೂ ಇದ್ದಿರಬೇಕು. ‘ಈ ಸಲವಾದರೂ ನನಗೇ ಸಿಗಬಹುದು’ ಎಂಬ ಆಸೆಯೂ ಇದ್ದಿರಬೇಕು. ಉದಾರತೆ ಎಲ್ಲಿ ಮುಗಿಯಿತು, ಆಸೆ ಎಲ್ಲಿ ಶುರುವಾಯಿತು? ದಾನಿ ಯಾರು, ರೋಗಿ ಯಾರು? ಒಳ್ಳೆಯ ಚಿತ್ರವೊಂದಕ್ಕೆ ಬೇಕಾದ ನಾಟಕ ಇಲ್ಲೇ ಇತ್ತು. ‘ಜಾಯ್’ ಅದರ ಹೊಸ್ತಿಲ ತನಕ ಬಂದು ಮರಳುತ್ತದೆ.

ಅವರ ಹೆಸರುಗಳನ್ನು ಬಯಲಿಗೆ ತರಬೇಕಿತ್ತೆಂದು ನಾನು ಹೇಳುತ್ತಿಲ್ಲ. ರೋಗಿಯ ಗುಟ್ಟು ಕಾಯುವುದು ವೈದ್ಯಧರ್ಮ. ಆದರೆ ಕಲೆಗೆ ನಿಜವಾದ ಹೆಸರೇ ಬೇಕಾಗಿಲ್ಲ. ನಾಲ್ಕನೆಯ ಬಾರಿ ಬರಿಗೈಯಲ್ಲಿ ಊರಿಗೆ ಮರಳುವ ಒಬ್ಬಳೊಡನೆ ಕ್ಯಾಮೆರಾ ಬಸ್ಸು ಹತ್ತಿದ್ದರೆ ಸಾಕಿತ್ತು.

ಎರಡು ವಿಪರ್ಯಾಸಗಳು

ಎರಡು ಸಂಗತಿಗಳು ನಮ್ಮಂಥ ಓದುಗರಿಗೆ ತಿಳಿದಿರಬೇಕು.

ಮೊದಲನೆಯದು: ಓಲ್ಡ್‌ಹ್ಯಾಮ್‌ನಲ್ಲಿ ಬಳಸಿದ ಆ ಹಾರ್ಮೋನನ್ನು ತೆಗೆಯುತ್ತಿದ್ದದ್ದು ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ. ‘ಪರ್ಗೊನಾಲ್’ ಎಂಬ ಆ ಔಷಧವನ್ನು ಇಟಲಿಯ ಸೆರೋನೊ ಸಂಸ್ಥೆ ತಯಾರಿಸುತ್ತಿತ್ತು. ಅದಕ್ಕೆ ಬೇಕಾದ ಮೂತ್ರವನ್ನು ಮೊದಮೊದಲು ಸಂಗ್ರಹಿಸಿದ್ದು ಇಟಲಿಯ ಕಾನ್ವೆಂಟುಗಳಲ್ಲಿದ್ದ ವೃದ್ಧ ಧಾರ್ಮಿಕ ಭಗಿನಿಯರಿಂದ. ದೇವರಿಗಾಗಿ ತಾಯ್ತನವನ್ನು ಬಿಟ್ಟುಕೊಟ್ಟ ಹೆಣ್ಣುಮಕ್ಕಳ ದೇಹದಿಂದ ಬಂದದ್ದು, ತಾಯ್ತನಕ್ಕಾಗಿ ಹಂಬಲಿಸಿದ ಹೆಣ್ಣುಮಕ್ಕಳ ದೇಹವನ್ನು ಸೇರಿತು. ‘ಧರ್ಮ ಒಂದು ದಡ, ವಿಜ್ಞಾನ ಇನ್ನೊಂದು ದಡ’ ಎಂದು ಗೆರೆ ಎಳೆಯುವ ಚಿತ್ರಕ್ಕೂ, ಹಾಗೆಯೇ ಗೆರೆ ಎಳೆಯುವ ನಮಗೂ ಈ ಸಂಗತಿ ಸ್ವಲ್ಪ ಮೌನ ಕಲಿಸಬೇಕು.

ಎರಡನೆಯದು: ಅಷ್ಟೆಲ್ಲ ಪ್ರಚೋದನೆ ಅಂದಿನ ಮಟ್ಟಿಗೆ ಫಲ ಕೊಡಲಿಲ್ಲ. ಹೆಚ್ಚು ಅಂಡಾಣು ಸಿಕ್ಕಿತು ನಿಜ. ಆದರೆ ಹಾರ್ಮೋನಿನ ಏರುಪೇರಿನಿಂದ ಗರ್ಭಾಶಯ ಭ್ರೂಣವನ್ನು ಹಿಡಿದಿಟ್ಟುಕೊಳ್ಳಲಾರದೆ ಹೋಯಿತು. 1976ರಲ್ಲಿ ವರದಿಯಾದ ಮೊದಲ ಗರ್ಭ ಗರ್ಭಾಶಯದಲ್ಲಿ ನಿಲ್ಲದೆ ಗರ್ಭನಾಳದಲ್ಲಿ ನಿಂತು, ಅದನ್ನು ತೆಗೆದುಹಾಕಬೇಕಾಯಿತು. ಕೊನೆಗೆ ಆ ತಂಡ ಚುಚ್ಚುಮದ್ದನ್ನೇ ಬಿಟ್ಟಿತು. ಸಹಜ ಋತುಚಕ್ರದ ಏರಿಳಿತವನ್ನು ಕೆಲವು ಗಂಟೆಗಳಿಗೊಮ್ಮೆ ಮೂತ್ರ ಪರೀಕ್ಷಿಸಿ ಕಾಯ್ದು, ದೇಹ ತಾನಾಗಿ ಕೊಡುವ ಒಂದೇ ಅಂಡಾಣುವಿಗಾಗಿ ಹಗಲು ರಾತ್ರಿ ಎನ್ನದೆ ಸಿದ್ಧವಾಗಿ ನಿಂತಿತು. 1977ರ ನವೆಂಬರಿನಲ್ಲಿ ಲೆಸ್ಲಿ ಬ್ರೌನ್ ಅವರಿಂದ ತೆಗೆದ ಆ ಒಂದು ಅಂಡಾಣುವೇ ಲೂಯಿಸ್. 1979ರ ಜನವರಿಯಲ್ಲಿ ಹುಟ್ಟಿದ ಎರಡನೆಯ ಮಗುವೂ ಹೀಗೆಯೇ. ಹೇರಿದಾಗ ಸಿಗದದ್ದು ಕಾದಾಗ ಸಿಕ್ಕಿತು. ಆಮೇಲಿನ ವರ್ಷಗಳಲ್ಲಿ ವೈದ್ಯರು ಔಷಧಗಳ ಹದ ಕಂಡುಕೊಂಡು ಪ್ರಚೋದನೆಗೆ ಮರಳಿದರು. ಇಂದು ಅದೇ ರೂಢಿ. ಹಾಗಾಗಿ ಇದರಿಂದ ದೊಡ್ಡ ನೀತಿಪಾಠ ತೆಗೆಯಲು ನಾನು ಹೋಗುವುದಿಲ್ಲ. ಆದರೆ ಎಂಟು ವರ್ಷ ಚುಚ್ಚಿಸಿಕೊಂಡ ಹೆಂಗಸರ ದೇಹಗಳೇ ಆ ಪಾಠದ ಹಲಗೆಯಾಗಿದ್ದವು ಎಂಬುದನ್ನು ಹೇಳದೆ ಗೆಲುವಿನ ದೃಶ್ಯಕ್ಕೆ ಜಿಗಿಯುವುದು ಅರ್ಧ ಸತ್ಯ.

ವಿರೋಧಿಗಳು ಹೇಳಿದ್ದು

1971ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಈ ತಂಡಕ್ಕೆ ಹಣ ನಿರಾಕರಿಸಿತು. ಚಿತ್ರದಲ್ಲಿ ಇದು ಕಲ್ಲೆದೆಯ ಅಧಿಕಾರಿಗಳ ಕುರುಡುತನದಂತೆ ಕಾಣುತ್ತದೆ. ಮಂಡಳಿಯ ಕಾರಣಗಳಲ್ಲಿ ಕೆಲವು ಕ್ಷುಲ್ಲಕವಾಗಿದ್ದವು ನಿಜ. ಜನಸಂಖ್ಯೆ ಏರುತ್ತಿರುವಾಗ ಬಂಜೆತನದ ಚಿಂತೆ ಯಾಕೆ ಎಂಬ ಧೋರಣೆಯೂ ಅದರಲ್ಲಿತ್ತು. ಆದರೆ ಒಂದು ಆಕ್ಷೇಪ ತೂಕದ್ದು: ಆ ಮಹಿಳೆಯರಿಗೆ ನೇರ ಪ್ರಯೋಜನವಿಲ್ಲದಿರುವಾಗ, ಕೇವಲ ಸಂಶೋಧನೆಗೆಂದು ಅವರನ್ನು ಲ್ಯಾಪರೋಸ್ಕೋಪಿಯ ಅಪಾಯಕ್ಕೆ ಒಡ್ಡಬಹುದೇ? ಇದು ವಿಜ್ಞಾನದ ಒಳಗಿನಿಂದಲೇ ಎದ್ದ ಪ್ರಶ್ನೆ. ಅದನ್ನು ಖಳರ ಬಾಯಲ್ಲಿ ಇಟ್ಟು ತಳ್ಳಿಹಾಕಿದಾಗ ಚಿತ್ರ ತನ್ನ ನಾಯಕಿಯ ಮನಸ್ಸಾಕ್ಷಿಯನ್ನೂ ಬಡವಾಗಿಸುತ್ತದೆ. ಜೀನ್‌ಳಂಥ ಸೂಕ್ಷ್ಮಮತಿಗೆ ಈ ಪ್ರಶ್ನೆ ಒಂದು ರಾತ್ರಿಯಾದರೂ ನಿದ್ದೆ ಕೆಡಿಸದೆ ಇದ್ದೀತೇ?

ಆ ಪ್ರಶ್ನೆ ಹಳೆಯದಾಗಿಲ್ಲ. ದಕ್ಷಿಣ ಕೊರಿಯಾದಲ್ಲಿ ಹ್ವಾಂಗ್ ವೂ-ಸುಕ್ ಎಂಬ ವಿಜ್ಞಾನಿ, ಮಾನವ ಭ್ರೂಣದ ತದ್ರೂಪು ಸೃಷ್ಟಿಸಿ ಅದರಿಂದ ಕಾಂಡಕೋಶ ಪಡೆದೆನೆಂದು 2004 ಮತ್ತು 2005ರಲ್ಲಿ ಘೋಷಿಸಿದ. ಅದಕ್ಕಾಗಿ ನೂರಕ್ಕೂ ಹೆಚ್ಚು ಮಹಿಳೆಯರಿಂದ ಎರಡು ಸಾವಿರಕ್ಕೂ ಹೆಚ್ಚು ಅಂಡಾಣುಗಳನ್ನು ಸಂಗ್ರಹಿಸಲಾಗಿತ್ತು. ಕೆಲವರಿಗೆ ಹಣ ಕೊಡಲಾಗಿತ್ತು. ಅವನ ಕೈಕೆಳಗಿನ ಕಿರಿಯ ಸಂಶೋಧಕಿಯರೇ ಅಂಡಾಣು ಕೊಟ್ಟಿದ್ದರು. ಫಲಿತಾಂಶಗಳು ಕಟ್ಟುಕಥೆಯೆಂದು ಬಯಲಾಗಿ, 2006ರಲ್ಲಿ ‘ಸೈನ್ಸ್’ ಪತ್ರಿಕೆ ಎರಡೂ ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಲೋಕ ಸುಳ್ಳು ಅಂಕಿಅಂಶಗಳಿಗಾಗಿ ಮರುಗಿತು. ಆ ಅಂಡಾಣುಗಳಿಗಾಗಿ ಚುಚ್ಚುಮದ್ದು, ಅರಿವಳಿಕೆ, ಸೂಜಿ ಸಹಿಸಿದವರ ಬಗ್ಗೆ ಆಡಿದ ಮಾತು ಅದಕ್ಕಿಂತ ಕಡಿಮೆ. ಪ್ರಚೋದನೆ ಮಿತಿಮೀರಿದರೆ ಅಂಡಾಶಯ ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಹೆಪ್ಪುಗಟ್ಟಿ, ಅಪರೂಪಕ್ಕೆ ಜೀವಕ್ಕೇ ಅಪಾಯವಾಗಬಹುದೆಂದು ವೈದ್ಯರೇ ಹೇಳುತ್ತಾರೆ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಪಾಲಿದೆ. ಲೂಯಿಸ್ ಹುಟ್ಟಿದ ಎರಡೂವರೆ ತಿಂಗಳೊಳಗೆ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಅಂಡಾಶಯವನ್ನು ಹಾರ್ಮೋನಿನಿಂದ ಪ್ರಚೋದಿಸಿಯೇ ಅವರು ಗೆದ್ದಿದ್ದರು. ಅಧಿಕಾರಿಗಳು ನಂಬಲಿಲ್ಲ, ಅಪಮಾನಿಸಿದರು. 1981ರಲ್ಲಿ ಆ ವೈದ್ಯ ತಮ್ಮ ಜೀವವನ್ನೇ ಕಳೆದುಕೊಂಡರು. ಇಂದು ನಮ್ಮಲ್ಲಿ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆ ಇದೆ. ಅಂಡಾಣು ದಾನಿ 23ರಿಂದ 35 ವರ್ಷದೊಳಗಿನವಳಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬೇಕು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಕೂಡದು, ಆಕೆಗೆ 12 ತಿಂಗಳ ವಿಮೆ ಇರಬೇಕು ಎನ್ನುತ್ತದೆ ಅದು. ಸಂಶೋಧನೆಗೆಂದು ಅಂಡಾಣು, ಭ್ರೂಣಗಳನ್ನು ವಿದೇಶಕ್ಕೆ ಕಳಿಸುವುದನ್ನೂ ನಿಷೇಧಿಸಿದೆ. ಇಷ್ಟು ಬೇಲಿ ಹಾಕಬೇಕಾಗಿ ಬಂದಿದೆ ಎಂದರೆ, ಬೇಲಿ ಇಲ್ಲದಾಗ ಏನಾಗುತ್ತಿತ್ತು, ಯಾವ ಮನೆಯ ಹೆಂಗಸರಿಗೆ ಆಗುತ್ತಿತ್ತು ಎಂದು ನೀವೇ ಊಹಿಸಬಲ್ಲಿರಿ.

ಮುಚ್ಚಿದ ದೇವಾಲಯದ ಬಾಗಿಲು

ಈಗ ನಮ್ಮ ಮನೆಯ ಮಾತು. ಚಿತ್ರದಲ್ಲಿ ಜೀನ್‌ಳ ಭಕ್ತೆ ತಾಯಿ ಮಗಳನ್ನು ದೂರವಿಡುತ್ತಾಳೆ. ಆಕೆಯ ದೇವಾಲಯವೂ ಅವಳಿಗೆ ಮುಚ್ಚಿದ ಬಾಗಿಲಾಗುತ್ತದೆ. ಧರ್ಮವನ್ನು ಹೀಗೆ ಒಂದೇ ಬಣ್ಣದಲ್ಲಿ ಬಳಿದದ್ದಕ್ಕೆ ನಾವು ಸಿಟ್ಟಾಗಬಹುದು. ಚಿತ್ರ ಧರ್ಮದ ವಾದವನ್ನು ಕೇಳುವುದೇ ಇಲ್ಲ. ಮಗು ದೇವರ ವರ, ಯಾರದೂ ಹಕ್ಕಿನ ವಸ್ತುವಲ್ಲ. ಅದು ದಂಪತಿಗಳ ಪ್ರೇಮದ ಮಿಲನದಿಂದ ಮೂಡಬೇಕು. ಪ್ರಯೋಗಾಲಯದಲ್ಲಿ ಉಳಿಯುವ, ಎಸೆಯುವ ಭ್ರೂಣವೂ ಮನುಷ್ಯಜೀವವೇ. 1987ರ ‘ದೋನುಮ್ ವೀತೆ’ ಮತ್ತು 2008ರ ‘ದಿಗ್ನಿತಾಸ್ ಪೆರ್ಸೋನೆ’ ಬೋಧನಾಪತ್ರಗಳು ವಾದಿಸಿದ್ದು ಇದನ್ನು. ಒಪ್ಪದವರೂ ಎದುರಿಸಬೇಕಾದ ವಾದವಿದು. ಚಿತ್ರ ಅದನ್ನು ಒಬ್ಬ ತಾಯಿಯ ಸಿಡುಕಿಗೆ ಇಳಿಸಿದೆ.

ಆದರೆ ಸಿಟ್ಟು ಇಳಿದ ಮೇಲೆ ನಾವೂ ಕನ್ನಡಿ ನೋಡಬೇಕು. ‘ದೋನುಮ್ ವೀತೆ’ಯಲ್ಲಿ ಅಂಡಾಶಯದ ಅತಿಪ್ರಚೋದನೆಯ ಪ್ರಸ್ತಾಪ ಇದೆ. ಯಾವ ಕಾರಣಕ್ಕೆ? ಅದರಿಂದ ಹೆಚ್ಚು ಭ್ರೂಣಗಳಾಗಿ, ಉಳಿದವು ನಾಶವಾಗುತ್ತವೆ ಎಂಬ ಕಾರಣಕ್ಕೆ. ಭ್ರೂಣದ ಪರವಾಗಿ ಅಷ್ಟು ದೃಢವಾಗಿ ನಿಲ್ಲುವ ಪತ್ರ, ಚುಚ್ಚಿಸಿಕೊಂಡು ಮಲಗಿದ ಹೆಣ್ಣಿನ ದೇಹದ ಬಗ್ಗೆ ಅಷ್ಟೇ ಬಿಡುವಾಗಿ ಮಾತಾಡುವುದಿಲ್ಲ. ಸಂತಾನವಿಲ್ಲದವರ ನೋವನ್ನು ಅದು ಗುರುತಿಸುತ್ತದೆ, ಹೀಗೆ ಹುಟ್ಟಿದ ಮಗುವನ್ನೂ ದೇವರ ವರವಾಗಿ ಪ್ರೀತಿಯಿಂದ ಸ್ವೀಕರಿಸಬೇಕೆನ್ನುತ್ತದೆ. ಈ ಮಾತುಗಳಿಗೆ ನಾವು ಕೃತಜ್ಞರು. ಆದರೂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ವಿಜ್ಞಾನಿಯೂ, ಭ್ರೂಣದ ಮೇಲೆ ಕಣ್ಣಿಟ್ಟ ಧರ್ಮಶಾಸ್ತ್ರಿಯೂ ಒಂದು ವಿಷಯದಲ್ಲಿ ಜೊತೆಗಾರರಾಗಿಬಿಟ್ಟರು: ಇಬ್ಬರ ನೋಟವೂ ಮಂಚದ ಮೇಲಿನ ಹೆಂಗಸನ್ನು ದಾಟಿಹೋಯಿತು.

ಬೇರೆ ಬಗೆಯ ನೋಟವೂ ನಮ್ಮಲ್ಲೇ ಇತ್ತು. ಲೂಯಿಸ್ ಹುಟ್ಟಿದ ದಿನಗಳಲ್ಲಿ ವೆನಿಸಿನ ಕಾರ್ಡಿನಲ್ ಅಲ್ಬಿನೊ ಲುಚಿಯಾನಿಯವರ ಅಭಿಪ್ರಾಯ ಕೇಳಲಾಯಿತು. ಅವರು ಧರ್ಮಸಭೆಯ ಆಕ್ಷೇಪವನ್ನು ಬಿಡಲಿಲ್ಲ. ಆದರೆ ಮೊದಲು ಆ ಇಂಗ್ಲಿಷ್ ಹಸುಳೆಗೆ ಶುಭ ಹಾರೈಸಿದರು. ತಂದೆತಾಯಿಯರನ್ನು ಖಂಡಿಸುವ ಹಕ್ಕು ತಮಗಿಲ್ಲವೆಂದರು. ಕೆಲವೇ ದಿನಗಳಲ್ಲಿ ಅವರೇ ಮೊದಲನೆಯ ಜಾನ್ ಪೌಲ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ಬೋಧನೆ ಸಡಿಲಿಸದೆಯೂ ಬಾಗಿಲು ತೆರೆದಿಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಚಿತ್ರಕಥೆಗಾರರು ಇದನ್ನು ಬಳಸಿಕೊಂಡಿದ್ದರೆ ಅವರ ಧರ್ಮಪಾತ್ರಗಳಿಗೆ ಜೀವ ಬರುತ್ತಿತ್ತು.

ಬೈಬಲ್ಲಿಗೂ ಈ ಸನ್ನಿವೇಶ ಹೊಸತಲ್ಲ. ಶಿಲೋವಿನ ಮಂದಿರದಲ್ಲಿ ಮಗುವಿಗಾಗಿ ತುಟಿ ಅಲುಗಿಸುತ್ತ ಅತ್ತ ಹನ್ನಾಳನ್ನು ಯಾಜಕ ಏಲಿ ಕುಡಿದವಳೆಂದು ತಿಳಿದು ಗದರಿದ. ಆಕೆ ತನ್ನ ದುಃಖ ಹೇಳಿಕೊಂಡ ಮೇಲೆ ಅವನೇ ಹರಸಿ ಕಳಿಸಿದ. ಏಲಿ ಕೆಟ್ಟ ಮನುಷ್ಯನಲ್ಲ. ಕೇಳುವ ಮೊದಲೇ ತೀರ್ಪು ಕೊಟ್ಟ, ಅಷ್ಟೇ. ನಮ್ಮ ಧರ್ಮಕೇಂದ್ರಗಳಲ್ಲಿ ಹನ್ನಾ ಇಂದಿಗೂ ಹಿಂದಿನ ಬೆಂಚಿನಲ್ಲಿ ಕೂತಿದ್ದಾಳೆ. ಅವಳ ಮಾತು ಕೇಳುವ ಮೊದಲು ನಾವಾಡುವ ಮಾತು ಯಾವುದು?

ಕೊನೆಯ ತೀರ್ಪು

‘ಜಾಯ್’ ನೋಡಬಾರದ ಚಿತ್ರವಲ್ಲ. ನೋಡಿ. ಮರೆತುಹೋದ ಒಬ್ಬ ಹೆಣ್ಣಿಗೆ ಅದು ಸಲ್ಲಿಸಿದ ನ್ಯಾಯವನ್ನು ಮೆಚ್ಚಿ. ಅದರ ನಟವರ್ಗದ ಪ್ರಾಮಾಣಿಕತೆಯನ್ನು ಮೆಚ್ಚಿ. ಆದರೆ ಕೊನೆಯಲ್ಲಿ ಮಗುವಿನ ಅಳು ಕೇಳಿಸಿ ನಿಮ್ಮ ಕಣ್ಣು ತುಂಬಿದಾಗ, ಆ ಕೋಣೆಯಲ್ಲಿ ಇಲ್ಲದವರನ್ನೂ ನೆನೆಯಿರಿ. ಸಂಶೋಧನೆಗೆ ಅಂಡಾಣು ಕೊಟ್ಟು, ತೊಟ್ಟಿಲು ತೂಗದೆ, ಫಲಕದಲ್ಲಿ ಸೇರದೆ ಮನೆಗೆ ಹೋದವರು ಅವರು. ಚಿತ್ರ ಅವರನ್ನು ನಮಗೆ ಪರಿಚಯಿಸಲಿಲ್ಲ ಎಂಬುದೇ ಅದರ ದೊಡ್ಡ ಕೊರತೆ. ಅವರ ಒಪ್ಪಿಗೆ ಎಷ್ಟು ಮುಕ್ತವಾಗಿತ್ತು, ಅವರಿಗೆ ಏನು ಹೇಳಲಾಗಿತ್ತು, ಆಮೇಲೆ ಅವರ ಆರೈಕೆ ಯಾರು ಮಾಡಿದರು ಎಂದು ಕೇಳದ ತನಕ ಈ ಕಥೆ ಪೂರ್ಣವಾಗುವುದಿಲ್ಲ. ಇಂದಿನ ಆಸ್ಪತ್ರೆಗಳನ್ನೂ, ಪ್ರಯೋಗಾಲಯಗಳನ್ನೂ ನಾವು ಕೇಳಬೇಕಾದ ಪ್ರಶ್ನೆಗಳು ಇವೇ.

ಸಂತ ಮಾರ್ಕರ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಒಬ್ಬ ಹೆಂಗಸಿದ್ದಾಳೆ. ಅನೇಕ ವೈದ್ಯರ ಕೈಯಲ್ಲಿ ನರಳಿ, ಇದ್ದದ್ದೆಲ್ಲ ಕಳೆದುಕೊಂಡು, ಗುಂಪಿನ ಮರೆಯಲ್ಲಿ ಬಂದು ಯೇಸುಸ್ವಾಮಿಯ ಉಡುಪು ಮುಟ್ಟುತ್ತಾಳೆ. ಅವಳಿಗೆ ಗುಣವಾಗುತ್ತದೆ, ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಸ್ವಾಮಿ ಮುಂದೆ ನಡೆಯಲಿಲ್ಲ. ಸಾಯುವ ಸ್ಥಿತಿಯಲ್ಲಿದ್ದ ಹುಡುಗಿಯ ಮನೆಗೆ ಹೊರಟಿದ್ದರೂ ದಾರಿಯಲ್ಲಿ ನಿಂತರು. ಮುಟ್ಟಿದವರು ಯಾರೆಂದು ಕೇಳಿದರು. ಅವಳು ಮುಂದೆ ಬರುವ ತನಕ ಕಾದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಗಳೇ ಎಂದು ಕರೆದರು. ಅವಳ ಹೆಸರು ಇಂದಿಗೂ ನಮಗೆ ಗೊತ್ತಿಲ್ಲ. ಆದರೆ ಅವಳು ಗುಂಪಿನಲ್ಲಿ ಕಳೆದುಹೋಗಲಿಲ್ಲ.